ಎತ್ತಿದರೆ ಬರುವ ಬಾಗಿಲು

ಬಾಗಿಲು ಮಾಡುವವರಿಗೆ ಬೀಗದ ಮೇಲೆ ಅಷ್ಟೇನೂ ನಂಬಿಕೆ ಇರುವುದಿಲ್ಲ. ಮನೆಯವರು ಅಂಗಡಿಯಲ್ಲಿ ನಾಲ್ಕಾರು ಬೀಗ ಕೈಯಲ್ಲಿ ತೂಗಿ ನೋಡಿ, ಭಾರವಾದದ್ದನ್ನು ತಂದು ಹಾಕಿ, ಇನ್ನು ಚಿಂತೆಯಿಲ್ಲ ಎಂದು ಮಲಗುತ್ತಾರೆ. ನಮ್ಮ ಕಣ್ಣು ಹೋಗುವುದು ಬೀಗದ ಎದುರು ಬದಿಗೆ, ಬಾಗಿಲನ್ನು ಚೌಕಟ್ಟಿಗೆ ಹಿಡಿದಿಟ್ಟಿರುವ ಹಿಂಜುಗಳ ಕಡೆಗೆ. ಕಳ್ಳನ ಕಣ್ಣೂ ಅಲ್ಲಿಗೇ ಹೋಗುತ್ತದೆ. ಅಲ್ಲಾಳಸಂದ್ರದ ಆ ಮನೆಯ ಹಿತ್ತಲಲ್ಲಿ ನಿಂತು ಮೊದಲ ದಿನವೇ ಈ ಮಾತನ್ನು ನಾನು ಜಂಬದಿಂದ ಹೇಳಿದ್ದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಆ ಮನೆ ಒಬ್ಬ ಸೈಕಲ್ ಕೋಚ್ ಅವರದು. ವಿಜಯಪುರದ ಕಡೆಯ ಹೆಣ್ಣುಮಗಳು, ಒಂದು ಕಾಲಕ್ಕೆ ತಾವೇ ರೇಸುಗಳಲ್ಲಿ ತುಳಿದವರು. ಊರ ಕಡೆಯ ಆರು ಹುಡುಗಿಯರನ್ನು ಮಹಡಿಯ ಮೇಲೆ ಇಟ್ಟುಕೊಂಡು, ನಸುಕಿಗೆ ಎಬ್ಬಿಸಿ, ಏರ್‌ಪೋರ್ಟ್ ರಸ್ತೆಯ ಕಡೆ ಕರೆದುಕೊಂಡು ಹೋಗಿ ತರಬೇತಿ ಕೊಡುತ್ತಿದ್ದರು. ಅವು ನಾವು ಹಾಲು ತರಲು ತುಳಿಯುವ ಸೈಕಲ್ಲುಗಳಲ್ಲ. ಕಾರ್ಬನ್ ಫ್ರೇಮಿನವು, ಒಂದು ಕೈಯಲ್ಲಿ ಎತ್ತಿ ಮೆಟ್ಟಿಲು ಹತ್ತಬಹುದು, ಒಂದೊಂದೂ ಮೋಟರ್ ಬೈಕಿಗಿಂತ ದುಬಾರಿ. ಕಾರು ನಿಲ್ಲಿಸುವ ಜಾಗದಲ್ಲಿ ಗೇಟಿಗೆ ಸರಪಳಿ ಹಾಕಿ ಇಟ್ಟಿದ್ದ ಎರಡು ಸೈಕಲ್ ಬೇಸಿಗೆಯಲ್ಲಿ ಕಳುವಾಗಿದ್ದವು. ಯಾರು ಯಾರನ್ನೋ ಕಾಡಿ ಬೇಡಿ ಮತ್ತೆರಡು ಹೊಂದಿಸಿದ್ದರು. ದಸರೆ ಕಳೆದ ಕೆಲವೇ ವಾರಕ್ಕೆ ರಾಜ್ಯ ತಂಡದ ಆಯ್ಕೆ ಇತ್ತು.

"ಅಣ್ಣಾರ, ಇನ್ನೊಮ್ಮೆ ಕಳುವಾತು ಅಂದ್ರ ಈ ಹುಡುಗ್ಯಾರ ಮನ್ಯಾಗ ನಾ ಏನ್ ಹೇಳ್ಲಿ? ಸಾಕವಾ ನಿನ್ನ ಸೈಕಲ್ಲು ಅಂತ ವಾಪಸ್ ಕರ್ಕೊಂಡು ಹೋಗ್ತಾರ. ಆಮ್ಯಾಗ ಯಾರೂ ಕಳಸೂದಿಲ್ರೀ," ಎಂದರು.

ನಾನು ಗದಗದ ಕಡೆಯವನು ಎಂದು ಗೊತ್ತಾದ ಕೂಡಲೇ ಅವರು ಬೇರೆ ಇಬ್ಬರು ಫ್ಯಾಬ್ರಿಕೇಶನ್‌ನವರಿಗೆ ಬೇಡ ಎಂದುಬಿಟ್ಟಿದ್ದರು. "ನಮ್ಮ ಕಡ್ಯಾವ್ರು ಇದ್ದೀರಿ, ನಿಮ್ಮ ಮಾತಿನ ಮ್ಯಾಲ ಬಿಟ್ಟೀನಿ" ಎಂಬುದೊಂದೇ ಅವರ ಕರಾರು. ಯಲಹಂಕದಲ್ಲಿ ನನ್ನನ್ನು 'ಅಣ್ಣಾರ' ಎಂದು ಕರೆಯುವವರು ಯಾರಿದ್ದಾರೆ? ಎಲ್ಲರಿಗೂ ನಾನು 'ವೆಲ್ಡರ್' ಅಥವಾ 'ಬಾಸ್'. ಆ ಒಂದು ಕರೆಗೆ ಕರಗಿಹೋದೆ.

ನಮ್ಮ ಅಂಗಡಿಯಲ್ಲಿ ಇರುವುದು ಇಬ್ಬರೇ, ನಾನು ಮತ್ತು ನನ್ನ ಜೊತೆಗಾರ. ಅವನು ಹುಣಸಮಾರನಹಳ್ಳಿಯವನು, ಅಲ್ಲಿಯೇ ಹುಟ್ಟಿ ಬೆಳೆದವನು. ಒಂದೇ ಫ್ಯಾಕ್ಟರಿಯಲ್ಲಿ ಪಕ್ಕ ಪಕ್ಕ ನಿಂತು ವೆಲ್ಡಿಂಗ್ ಕಲಿತೆವು, ಅದು ಬಾಗಿಲು ಹಾಕಿದ ಮೇಲೆ ಒಟ್ಟಿಗೆ ಅಂಗಡಿ ಹಾಕಿದೆವು. ಬೋರ್ಡಿನಲ್ಲಿ ನನ್ನ ಹೆಸರಿದೆ, ಏಕೆಂದರೆ ಅವತ್ತು ಲೈಸೆನ್ಸಿಗೆ ಓಡಾಡಿದವನು ನಾನು. ಅವನಿಗೆ ಅದರ ಬಗ್ಗೆ ಏನಾದರೂ ಅನಿಸಿದೆ ಎಂದು ನನಗೆ ಯಾವತ್ತೂ ಅನಿಸಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ವೆಲ್ಡ್ ಆದ ಮೇಲೆ ಮೇಲಿನ ಕಿಟ್ಟ ಉದುರಿಸಲು ಒಂದು ಚೂಪು ಮೂತಿಯ ಸುತ್ತಿಗೆ ಇರುತ್ತದೆ. ಕೂಲಿಗೆ ಬಂದವರು ಮಾಡಿದ ವೆಲ್ಡನ್ನು ಅದರಿಂದ ತಟ್ಟಿ ನೋಡುತ್ತೇವೆ. ಒಳಗಿನವರೆಗೆ ಹಿಡಿದಿದ್ದರೆ ಟಣ್ ಎನ್ನುತ್ತದೆ, ಮೇಲೆ ಮೇಲೆ ಕೂತಿದ್ದರೆ ಮೊದ್ದು ಸದ್ದು ಬರುತ್ತದೆ. ಆದರೆ ನಾನು ಮಾಡಿದ್ದನ್ನು ಅವನು, ಅವನು ಮಾಡಿದ್ದನ್ನು ನಾನು ತಟ್ಟುವಂತಿಲ್ಲ. ಹಾಗೆಂದು ಯಾವತ್ತೂ ಮಾತಾಡಿಕೊಂಡಿರಲಿಲ್ಲ. ತಟ್ಟಿದರೆ ನಿನ್ನ ಮೇಲೆ ನಂಬಿಕೆ ಇಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ.

ಗಣೇಶನನ್ನು ಕೆರೆಗೆ ಬಿಟ್ಟ ಮಾರನೆಯ ವಾರ ಕೆಲಸ ಹಿಡಿದೆವು. ಮನೆಯ ಹಿಂಗೋಡೆಗೂ ಕಾಂಪೌಂಡಿಗೂ ನಡುವೆ ಉದ್ದನೆಯ ಜಾಗ, ಒಂದು ಮೂಲೆಯಲ್ಲಿ ನೀರಿನ ಸಂಪು, ಕಾಂಪೌಂಡಿನ ಆಚೆ ಪೊದೆ ಬೆಳೆದ ಖಾಲಿ ಸೈಟು. ಆ ಖಾಲಿ ಸೈಟು ನೋಡಿಯೇ ನನಗೆ ತಲೆನೋವು ಶುರುವಾಯಿತು. ಕಳ್ಳನಿಗೆ ಅಲ್ಲಿ ಕೂತು ಬೀಡಿ ಸೇದಿ, ನಿಧಾನವಾಗಿ ಗೋಡೆ ಹಾರುವಷ್ಟು ಪುರುಸೊತ್ತು. ಅದಕ್ಕೆ ಶೆಡ್ಡನ್ನು ಕಾಂಪೌಂಡಿಗೆ ಅಂಟಿಸದೆ ಮನೆಯ ಗೋಡೆಗೆ ಒತ್ತಿ ಕಟ್ಟುವುದೆಂದು ತೀರ್ಮಾನ ಮಾಡಿದೆವು. ಗೋಡೆಯಿಂದ ನೇರ ಮಾಡಿಗೆ ಕಾಲಿಡುವಂತಿರಬಾರದು.

ಗುಂಡಿ ತೋಡಿದರೆ ಮೊದಲು ಸಿಕ್ಕಿದ್ದು ಅಡುಗೆಮನೆಯ ಸಿಂಕಿನಿಂದ ಬರುವ ಪೈಪು. ಅದನ್ನು ಸರಿಸಲು ಪ್ಲಂಬರ್ ಬರಬೇಕಾಯಿತು. ಆಮೇಲೆ ಮಳೆ. ಮಧ್ಯಾಹ್ನ ನೆಲಕ್ಕೆ ಕಾಂಕ್ರೀಟ್ ಹಾಕಿ, ಮಟ್ಟ ಮಾಡಿ, ಚಹಾ ಕುಡಿಯಲು ಕೂತಿದ್ದೆವೋ ಇಲ್ಲವೋ, ಬಾನು ಹರಿದಂತೆ ಸುರಿಯಿತು. ಹಿತ್ತಲ ನೀರೆಲ್ಲ ಶೆಡ್ಡಿನ ಕಡೆಗೇ ಹರಿದು ಬಂತು. ಟಾರ್ಪಾಲ್ ಎಳೆಯುವಷ್ಟರಲ್ಲಿ ಹಸಿ ಕಾಂಕ್ರೀಟಿನ ಮೇಲೆಲ್ಲ ಗುಳಿ ಬಿದ್ದಿತ್ತು. ನಾನು ಬಾಯಿಗೆ ಬಂದಂತೆ ಮಳೆಯನ್ನು ಬೈಯುತ್ತಿದ್ದರೆ, ಜೊತೆಗಾರ ಪಂಚೆ ಎತ್ತಿ ಕಟ್ಟಿ ಬಕೆಟ್ಟಿನಲ್ಲಿ ನೀರು ತೋಡುತ್ತ ನಗುತ್ತಿದ್ದ.

"ಬುಡು ಗುರು, ವರುಣನ್ ಜತೆ ಜಗಳ ಆಡಿ ಗೆದ್ದೋರು ಯಾರವ್ರೆ? ನಾಳೆ ಒಡ್ದು ಇನ್ನೊಂದ್ಕಿತ ಆಕಣ."

ಮಾರನೆಯ ದಿನ ಒಡೆದು, ನೆಲವನ್ನು ಎತ್ತರಿಸಿ, ಮತ್ತೆ ಹಾಕಿದೆವು. ಹಾಕುವಾಗಲೇ ಬಾಗಿಸಿದ ಕಂಬಿಯ ಆರು ಕೊಂಡಿಗಳನ್ನು ಕಾಂಕ್ರೀಟಿನಲ್ಲಿ ಹುಗಿದೆವು, ಒಂದೊಂದು ಸೈಕಲ್ಲಿಗೂ ಒಂದೊಂದು, ಬೇಕೆಂದರೆ ಸರಪಳಿ ಹಾಕಲು. ಆ ಐಡಿಯಾ ಅವನದು. ಒಳ್ಳೆಯ ಐಡಿಯಾ ಎಂದು ಈಗಲೂ ಹೇಳುತ್ತೇನೆ.

ಅಂಗಡಿಯ ದೊಡ್ಡ ವೆಲ್ಡಿಂಗ್ ಮಷೀನನ್ನು ಚಾಲೂ ಮಾಡಿದರೆ ಸಾಕು, ಮನೆಯ ಮೇನ್ ಟ್ರಿಪ್ ಆಗಿ ಫ್ರಿಜ್ಜಿನಿಂದ ಹಿಡಿದು ಎಲ್ಲ ಬಂದ್. ಕೊನೆಗೆ ಹೆಗಲಿಗೆ ನೇತುಹಾಕಿಕೊಂಡು ಹೋಗಬಹುದಾದ ಚಿಕ್ಕ ಕೆಂಪು ಮಷೀನಿನಲ್ಲೇ, ತೆಳು ರಾಡಿನಲ್ಲೇ ಎಲ್ಲವನ್ನೂ ಮಾಡಬೇಕಾಯಿತು. ಅದು ನಾವಿಬ್ಬರೂ ಸೇರಿ ಕೊಂಡ ಮೊದಲ ಹೊಸ ಮಷೀನು. ಕೆಲಸ ನಿಧಾನವಾಯಿತು, ಆದರೆ ಗಟ್ಟಿಯಾಯಿತು. ಕಂಬಗಳನ್ನು ನೆಲಕ್ಕೆ ಬೋಲ್ಟ್ ಮಾಡಿ, ಸ್ಪ್ಯಾನರ್ ಹಾಕಿ ಬಿಚ್ಚದಂತೆ ನಟ್ಟುಗಳನ್ನು ಬೋಲ್ಟಿಗೇ ವೆಲ್ಡ್ ಮಾಡಿದೆವು. ಮಾಡಿನ ಶೀಟು ಬಿಚ್ಚಿದರೂ ಒಳಗೆ ಇಳಿಯಲಾಗದಂತೆ ಕೆಳಗೆ ಕಬ್ಬಿಣದ ಜಾಲರಿ. ಗೋಡೆಗೂ ಹಾಗೆಯೇ, ಹೊರಗೆ ತಗಡು, ಒಳಗೆ ಜಾಲರಿ. ಬೀಗಕ್ಕೆ ರಾಡು ತಾಗದಂತೆ ಒಂದು ಉಕ್ಕಿನ ಗೂಡು, ಕೈ ಒಳಗೆ ಹಾಕಿಯೇ ಕೀಲಿ ತಿರುಗಿಸಬೇಕು.

ಉಳಿದದ್ದು ಬಾಗಿಲು. ನಮ್ಮ ಅಂಗಡಿಯಲ್ಲಿ ಬಾಗಿಲು ಕೂರಿಸುವ ಬಗೆ ಹೀಗೆ. ಚೌಕಟ್ಟಿಗೆ ಮೂರು ಗೂಟ, ಮೂರರ ಮೂತಿಯೂ ಮೇಲಕ್ಕೆ. ಬಾಗಿಲಿಗೆ ಮೂರು ಕೊಳವೆ ತುಂಡು. ಬಾಗಿಲನ್ನು ಎತ್ತಿ ಕೊಳವೆಗಳನ್ನು ಗೂಟಗಳ ಮೇಲೆ ಇಳಿಸಿದರೆ ಕೂತಿತು. ಬಣ್ಣ ಹೊಡೆಯಲು, ಓರೆ ತಿದ್ದಲು ಎತ್ತಿ ತೆಗೆದು ಮತ್ತೆ ಇಡಬಹುದು. ಎಲ್ಲ ಸರಿಯಾಯಿತು ಎಂದಮೇಲೆ ಕಟ್ಟಕಡೆಯ ಕೆಲಸ, ಪ್ರತಿ ಕೊಳವೆಯ ಮೇಲ್ಗಡೆ ಚೌಕಟ್ಟಿಗೆ ಒಂದು ಕಬ್ಬಿಣದ ತುಂಡು ವೆಲ್ಡ್ ಮಾಡುವುದು. ಸ್ಟಾಪರ್ ಎನ್ನುತ್ತೇವೆ. ಅದು ಬಿದ್ದರೆ ಬಾಗಿಲು ಮೇಲೇಳುವುದಿಲ್ಲ. ಅದು ಇಲ್ಲದಿದ್ದರೆ ಎಂಥ ಬೀಗ ಇದ್ದರೂ ಅದು ಎತ್ತಿದರೆ ಬರುವ ಬಾಗಿಲು.

ಈ ಕಟ್ಟಕಡೆಯ ಕೆಲಸ ಆಯುಧಪೂಜೆಯ ಹಿಂದಿನ ದಿನಕ್ಕೆ ಬಂದು ನಿಂತಿತು. ಹಬ್ಬದ ದಿನ ತೊಳೆದು ಕುಂಕುಮ ಇಟ್ಟ ಹತಾರವನ್ನು ನಾವು ಮುಟ್ಟುವುದಿಲ್ಲ. ಆದ್ದರಿಂದ ಅವತ್ತೇ ಮುಗಿಯಬೇಕಿತ್ತು. ಅಂಗಡಿ ತೊಳೆಯುವುದು, ಬೂದುಗುಂಬಳ, ಬಾಳೆಕಂದು, ಹೂ ತರುವುದು ನನ್ನ ಪಾಲಿಗೆ, ಸ್ಟಾಪರ್ ಹಾಕಿ ಬಣ್ಣ ಬಳಿಯುವುದು ಅವನ ಪಾಲಿಗೆ ಎಂದು ಮಾಡಿಕೊಂಡೆವು. ಸಂಜೆಗೆ ಅವನ ಫೋನ್ ಬಂತು.

"ಆಯ್ತು ಗುರು. ಮೂರೂ ಸ್ಟಾಪರ್ ಆಕ್ಬುಟ್ಟೆ, ರೆಡ್ ಆಕ್ಸೈಡೂ ಒಡ್ದೆ. ಮಷೀನ್ ನಮ್ಮನೆಗೇ ತಕ್ಕೊಂಡೋಯ್ತೀನಿ ಕಣೋ. ಈ ಸಲ ಮನೇಲೇ ಪೂಜೆ ಮಾಡನ ಅಂತ ಎಂಡ್ತಿ ಅಟ ಇಡ್ದವ್ಳೆ."

"ಆಯ್ತು ಬಿಡಪ್ಪ, ಅಲ್ಲೇ ಮಾಡ್ಕೋ. ಇಲ್ಲಿ ದೊಡ್ಡ ಮಷೀನ್ ಇದೆಯಲ್ಲ," ಎಂದೆ. ಹೆಂಡತಿಯ ಆಸೆ ಎಂದಮೇಲೆ ಇನ್ನೇನು ಹೇಳುವುದು? ಪಾಪ, ಎಂದುಕೊಂಡೆ.

ಹಬ್ಬದ ದಿನ ಅಂಗಡಿಯ ಪೂಜೆಗೆ ಅವನು ಬರಲಿಲ್ಲ. ಮನೆಯಲ್ಲಿ ನೆಂಟರು ಎಂದ. ನಾನೊಬ್ಬನೇ ಕುಂಬಳಕಾಯಿ ಒಡೆದು, ಕೋಚ್ ಅವರು ಕರೆದಿದ್ದರಿಂದ ಅಲ್ಲಾಳಸಂದ್ರಕ್ಕೆ ಹೋದೆ. ಹುಡುಗಿಯರು ಆರೂ ಸೈಕಲ್ ತೊಳೆದು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿ, ಸಾಲಾಗಿ ನಿಲ್ಲಿಸಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣು. ಅವರಲ್ಲೊಬ್ಬಳು, ತೀರಾ ಎತ್ತರದ, ಮಾತು ಕಡಿಮೆಯ ಹುಡುಗಿ, ತನ್ನ ಸೈಕಲ್ಲಿನ ಚೈನಿಗೆ ಕುಂಕುಮ ತಾಗಬಾರದೆಂದು ಬೆರಳ ತುದಿಯಲ್ಲಿ ಅಷ್ಟಷ್ಟೇ ಹಚ್ಚುತ್ತಿದ್ದಳು. ಕೋಚ್ ಅವರು ಶೆಡ್ಡಿಗೂ ಆರತಿ ಎತ್ತಿ, ನನಗೆ ಶಾಲು ಹೊದಿಸಿದರು. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಸೈಕಲ್ ಒಳಗಿಡುವಾಗ ಆ ಎತ್ತರದ ಹುಡುಗಿ ಕೇಳಿದಳು. "ಅಂಕಲ್, ಸರಪಳೀನೂ ಹಾಕ್ಬೇಕೇನ್ರೀ?"

ನಾನು ಬಾಗಿಲನ್ನು ಅಂಗೈಯಿಂದ ಬಡಿದೆ. "ಈ ಬಾಗಲಾ ಇರೂತನಕ ಸರಪಳಿ ಯಾತಕ್ಕವಾ? ಆನಿ ಬಂದ್ರೂ ಇದನ್ನ ಎತ್ತಾಕ ಆಗೂದಿಲ್ಲ."

ಎಲ್ಲರೂ ನಕ್ಕರು. ನಾನು ಹಿಂಜುಗಳ ಕಡೆ ನೋಡಿಯೂ ನೋಡಿದೆ. ಮೂರು ಕೊಳವೆಗಳ ಮೇಲೆ ಮೂರು ಗಂಟು, ನೀಟಾಗಿ ರೆಡ್ ಆಕ್ಸೈಡ್ ಬಳಿದಿತ್ತು. ಸುತ್ತಿಗೆ ಅಂಗಡಿಯಲ್ಲಿ ಕುಂಕುಮ ಇಟ್ಟುಕೊಂಡು ಕೂತಿತ್ತು. ಕೈಯಲ್ಲಿದ್ದಿದ್ದರೂ ನಾನು ತಟ್ಟುತ್ತಿರಲಿಲ್ಲ. ಅವನ ಕೆಲಸ ಅದು.

ಹಬ್ಬ ಕಳೆದು ಒಂದು ವಾರವೂ ಆಗಿರಲಿಲ್ಲ. ನಸುಕಿನಲ್ಲಿ ಸೈಕಲ್ ತೆಗೆಯಲು ಹೋದ ಹುಡುಗಿಯರ ಕೂಗಿಗೆ ಬೀದಿಯೇ ಎದ್ದಿತಂತೆ. ಕೋಚ್ ಅವರ ಫೋನ್ ಬಂತು. ಬನಿಯನ್ ಮೇಲೆ ಶರ್ಟು ಸಿಕ್ಕಿಸಿಕೊಂಡು ಗಾಡಿ ಹತ್ತಿದವನು ಹಿತ್ತಲಿಗೆ ಕಾಲಿಟ್ಟಾಗ ಮೊದಲು ಕಂಡದ್ದು ಬೀಗ. ಅದು ಉಕ್ಕಿನ ಗೂಡಿನೊಳಗೆ ಭದ್ರವಾಗಿತ್ತು. ಹಿಂಜಿನ ಬದಿಯನ್ನು ಹಾರೆಯಿಂದ ಮೀಟಿ ಎತ್ತಿ ಹೊರಕ್ಕೆ ಎಳೆದಿದ್ದರು. ಬಾಗಿಲು ತನ್ನ ಬೀಗಕ್ಕೇ ಜೋತುಬಿದ್ದು ವಾಲಿತ್ತು.

ಒಳಗೆ ಮೂರು ಸೈಕಲ್ ಇದ್ದವು. ನನ್ನ ಮಾತನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದೆ ಸರಪಳಿ ಹಾಕಿದ್ದವರ ಸೈಕಲ್ಲುಗಳು ಅವು. ನನ್ನ ಮಾತು ನಂಬಿದ್ದವರ ಮೂರು ಹೋಗಿದ್ದವು. ಎತ್ತರದ ಹುಡುಗಿ ತನ್ನ ಖಾಲಿ ಕೊಂಡಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಅವಳು ಅಳುತ್ತಿರಲಿಲ್ಲ, ನನ್ನ ಕಡೆ ನೋಡುತ್ತಲೂ ಇರಲಿಲ್ಲ.

ನನ್ನ ಹಿಂದೆಯೇ ಜೊತೆಗಾರನೂ ಬಂದ. ನಾನೇ ಫೋನ್ ಮಾಡಿದ್ದೆ. ಬಂದವನು ಬಾಗಿಲ ಬಳಿ ಕೂತು, ಎರಡು ಸಲ ಚ್ಚು ಚ್ಚು ಎಂದು, ಕೋಚ್ ಅವರಿಗೆ ಕೇಳುವಂತೆ ಹೇಳಿದ. "ಪಕ್ಕಾ ಪ್ರೊಫೆಷನಲ್ ಕಳ್ರು ಮೇಡಂ. ಗ್ಯಾಸ್ ಕಟ್ಟರ್ ತಂದು ಸ್ಟಾಪರ್ ಕುಯ್ದವ್ರೆ. ಇಂಗೆ ಮಾಡಿದ್ರೆ ಯಾವ ಬಾಗ್ಲೂ ನಿಲ್ಲಲ್ಲ."

ಗ್ಯಾಸ್ ಕಟ್ಟರ್ ತಾಗಿದ ಕಬ್ಬಿಣ ನನಗೆ ಗೊತ್ತಿಲ್ಲವೇ? ಬಣ್ಣ ಸುಟ್ಟು ಗುಳ್ಳೆ ಏಳುತ್ತದೆ, ಸುತ್ತ ಕಪ್ಪಾಗುತ್ತದೆ, ಕರಗಿದ ಕಬ್ಬಿಣ ಕೆಳಗೆ ಹನಿಯಾಗಿ ಗಟ್ಟಿಯಾಗಿರುತ್ತದೆ. ಇಲ್ಲಿ ಏನೂ ಇರಲಿಲ್ಲ. ನೆಲದ ಮೇಲೆ ಕೆಂಪು ಬಣ್ಣದ ಒಂದು ಚೂರು ಬಿದ್ದಿತ್ತು. ಎತ್ತಿಕೊಂಡು ಉಗುರಿನಲ್ಲಿ ಒತ್ತಿದೆ. ಪುಡಿಯಾಯಿತು. ಒಳಗೆ ಬೂದು ಬಣ್ಣದ ಪುಟ್ಟಿ, ಪೈಪಿನ ಲೀಕು ಮುಚ್ಚಲು ಹಿಟ್ಟಿನಂತೆ ಕಲಸಿ ಹಚ್ಚುತ್ತಾರಲ್ಲ, ಅದು. ಕಬ್ಬಿಣದ ತುಂಡುಗಳನ್ನು ಪುಟ್ಟಿಯಲ್ಲಿ ಅಂಟಿಸಿ, ವೆಲ್ಡಿನ ಗೆರೆ ಕಾಣುವಂತೆ ಬೆರಳಲ್ಲಿ ಅಲೆ ಅಲೆಯಾಗಿ ತಿದ್ದಿ, ಮೇಲೆ ಬಣ್ಣ ಬಳಿದಿತ್ತು. ಆ ಅಲೆಗಳು ಥೇಟ್ ಅವನ ವೆಲ್ಡಿನ ಅಲೆಗಳೇ.

ಅವನ ತೋಳು ಹಿಡಿದು ಸಂಪಿನ ಆಚೆ ಎಳೆದುಕೊಂಡು ಹೋದೆ.

"ಏನೋ ಇದು?"

"ಮೆತ್ತಗೆ ಮಾತಾಡು ಗುರು. ಅಬ್ಬದ ಅರ್ಜೆಂಟು, ಅವತ್ತು ಆಗ್ಲಿಲ್ಲ. ಅಬ್ಬ ಕಳುದ್ ಮ್ಯಾಲೆ ಬಂದು ಸರಿ ಮಾಡನ ಅಂದ್ಕೊಂಡಿದ್ದೆ."

"ಹಾಕಿದೆ ಅಂತ ಫೋನಲ್ಲಿ ಹೇಳಿದ್ಯಲ್ಲೋ!"

"ಈಗ್ ಅದೆಲ್ಲಾ ಯಾಕೆ? ನೋಡು, ಗ್ಯಾಸ್ ಕಟ್ಟರ್ ಅಂದ್ರೆ ಕಳ್ರು ಮೇಲೋಯ್ತದೆ. ಪುಟ್ಟಿ ಅಂದ್ರೆ ನಮ್ ತಲೆಗೇ ಬತ್ತದೆ. ಬೋರ್ಡಲ್ಲಿರಾ ಎಸ್ರು ನಿಂದು. ಯೋಚ್ನೆ ಮಾಡು."

ನನ್ನ ಹೆಸರಿನ ಮೇಲೆ ಅವನಿಗಿದ್ದ ಕಾಳಜಿ ನೋಡಿ ಮೈ ಉರಿಯಿತು. ಆದರೂ ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಯೋಚಿಸಿದೆ. ಪೊಲೀಸರು ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ, ಅವರಿಗೆ ಪುಟ್ಟಿ ಯಾವುದು ವೆಲ್ಡ್ ಯಾವುದು ಎಂದು ಹೇಳುವವರು ಯಾರು? ಅಷ್ಟರಲ್ಲಿ ಕೋಚ್ ಅವರೇ ಅಲ್ಲಿಗೆ ಬಂದರು. ಜೊತೆಗಾರನ ಕಡೆ ತಿರುಗಿಯೂ ನೋಡಲಿಲ್ಲ, ನನ್ನನ್ನೇ ಕೇಳಿದರು.

"ಅಣ್ಣಾರ, ಖರೇನ ಕಟ್ಟರ್‌ಲೆ ಕೊಯ್ದಾರೇನು?"

ಅವರು 'ಅಣ್ಣಾರ' ಎನ್ನದಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅಂಗೈ ಬಿಚ್ಚಿ ಪುಟ್ಟಿಯ ಪುಡಿ ತೋರಿಸಿದೆ. "ಇಲ್ರೀ. ವೆಲ್ಡಿಂಗೇ ಆಗಿಲ್ಲ. ಅಂಟಿಸಿ ಬಣ್ಣ ಹಚ್ಚೈತಿ. ನಮ್ಮ ಅಂಗಡೀದೇ ತಪ್ಪು."

'ನಮ್ಮ ಅಂಗಡಿ' ಎಂದೆ. ಇವನು ಎಂದು ಬೆರಳು ತೋರಿಸಲಿಲ್ಲ. ಇಷ್ಟು ವರ್ಷದ ಋಣ ನಾಲಿಗೆಯನ್ನು ಹಿಡಿಯಿತು. ಅವರು ಆ ಪುಡಿಯನ್ನೂ ನನ್ನ ಮುಖವನ್ನೂ ನೋಡಿ ಒಳಗೆ ಹೋದರು. ಜೊತೆಗಾರ "ಎಡವಟ್ಟು ಮಾಡ್ದೆ ನೀನು" ಎಂದು ಗಾಡಿ ಹತ್ತಿ ಹೋದ.

ಪೊಲೀಸರಿಗೂ ಹಾಗೆಯೇ ಹೇಳಿದೆ. ಸೈಕಲ್ ಸಿಗಲಿಲ್ಲ. ಎರಡು ದಿನಕ್ಕೆ ಎತ್ತರದ ಹುಡುಗಿಯ ಅಪ್ಪ ಊರಿಂದ ಬಂದು ಅವಳನ್ನು ಕರೆದುಕೊಂಡು ಹೋದರಂತೆ. ಕೋಚ್ ಅವರು ಎಷ್ಟು ಕೇಳಿಕೊಂಡರೂ ಕೇಳಲಿಲ್ಲವಂತೆ.

ಹೊಸ ಬಾಗಿಲು ಮಾಡಿಕೊಡುವುದು ನನ್ನ ಕೆಲಸ. ಅದಕ್ಕೆ ಚಿಕ್ಕ ಮಷೀನು ಬೇಕು, ಮಷೀನು ಅವನ ಮನೆಯಲ್ಲಿ, ಅವನು ಫೋನ್ ಎತ್ತುತ್ತಿಲ್ಲ. ಅಂಗಡಿಗೆ ಬರುವುದನ್ನೂ ನಿಲ್ಲಿಸಿದ್ದ. ಮುಖ ತೋರಿಸಲು ನಾಚಿಕೆ ಎಂದುಕೊಂಡು ನಾನೇ ಹುಣಸಮಾರನಹಳ್ಳಿಗೆ ಹೋದೆ. ಮನೆಯಲ್ಲಿ ಅವನ ಹೆಂಡತಿ ಬಾಗಿಲಿಗೆ ಬಂದು, ನನ್ನನ್ನು ನೋಡಿ ತಲೆ ತಗ್ಗಿಸಿ, "ಅಂಗ್ಡೀಲವ್ರೆ ಅಣ್ಣ" ಎಂದಳು.

"ಯಾವ ಅಂಗ್ಡಿ?"

ಆಕೆ ಕೈ ತೋರಿಸಿದ ಕಡೆ ಹೋದೆ. ಮುಖ್ಯರಸ್ತೆಯಿಂದ ಒಳಕ್ಕೆ ಹೊಸದಾಗಿ ತಗಡು ಹೊದಿಸಿದ ಅಂಗಡಿ, ಬಾಗಿಲಿಗೆ ಒಣಗಿದ ಮಾವಿನ ತೋರಣ, ಮುಂದೆ ಬೂದುಗುಂಬಳ ಒಡೆದ ಕೆಂಪು ಕಲೆ ಇನ್ನೂ ಹಾಗೇ ಇತ್ತು. ಮೇಲೆ ಉದ್ದನೆಯ ಫ್ಲೆಕ್ಸು, ಅದರಲ್ಲಿ ಅವನ ಹೆಸರು. ಹೆಸರಿನ ಪಕ್ಕ ಒಂದು ಫೋಟೊ. ಅಲ್ಲಾಳಸಂದ್ರದ ನಮ್ಮ ಶೆಡ್ಡು. ಬಾಗಿಲು ತೆರೆದಿತ್ತು, ಒಳಗೆ ಆರು ಸೈಕಲ್ ಸಾಲಾಗಿ ನಿಂತಿದ್ದವು. ಹಬ್ಬದ ಹಿಂದಿನ ದಿನವೇ ಸೈಕಲ್ ಒಳಗಿಡಿಸಿ ತೆಗೆದದ್ದಿರಬೇಕು. ಕೆಳಗೆ 'ಭದ್ರ ಶೆಡ್ಡುಗಳಿಗೆ ನಂಬಿಕೆಯ ಹೆಸರು' ಎಂದು ಬರೆದಿತ್ತು.

ನನಗೆ ಅಲ್ಲಿ ನಿಂತೇ ಎಲ್ಲ ಅರ್ಥವಾಯಿತು. ಒಳಗೆ ಗೂಡಿನಲ್ಲಿ ನಮ್ಮ ಕೆಂಪು ಮಷೀನು ಇತ್ತು. ಅದರ ಹಣೆಗೆ ವಿಭೂತಿ, ಕುಂಕುಮ, ಬಾಡಿದ ಸೇವಂತಿಗೆ. ಮನೆಯ ಪೂಜೆ ಎಂದು ತೆಗೆದುಕೊಂಡು ಹೋದ ಮಷೀನಿಗೆ ಅವನು ಹೊಸ ಅಂಗಡಿಯಲ್ಲಿ ಪೂಜೆ ಮಾಡಿಸಿದ್ದ.

ಅವನು ಗೇಟೊಂದನ್ನು ಉಜ್ಜುತ್ತಿದ್ದವನು ಗ್ರೈಂಡರ್ ನಿಲ್ಲಿಸಿ ಎದ್ದುನಿಂತ.

"ಹೇಳ್ಬೋದಿತ್ತಲ್ಲೋ," ಎಂದೆ. ಇನ್ನೇನೇನೋ ಅನ್ನಬೇಕೆಂದಿದ್ದೆ, ಬಾಯಿಗೆ ಬಂದದ್ದು ಅದೊಂದೇ.

"ಏಳಿದ್ರೆ ನೀನ್ ಬುಡ್ತಿದ್ದಾ? ಎಷ್ಟ್ ದಿನಾ ಅಂತ ನಿನ್ ಎಸ್ರಲ್ಲಿ ದುಡೀಲಿ? ಆ ಮೇಡಂಗೂ ನೀನು ಅಣ್ಣಾರ, ನಾನು ಬರೀ 'ಅವ್ರು'. ಕಬ್ಬಿಣ ಒತ್ಕಂಡ್ ಬಂದಿದ್ದು ನಾನು, ನೀರ್ ತೋಡಿದ್ದು ನಾನು, ಶಾಲ್ ಒದ್ಸಿದ್ದು ನಿಂಗೆ."

"ಶಾಲು ಬೇಕಿದ್ರೆ ತಗೊಂಡ್ ಹೋಗೋ! ಸ್ಟಾಪರ್ ಯಾಕೋ ಹಾಕ್ಲಿಲ್ಲ?"

ಅವನು ಗ್ರೈಂಡರನ್ನು ನೆಲಕ್ಕಿಟ್ಟ. "ಅವತ್ತು ಸಂಜೆನೇ ಇಲ್ಲಿ ಓಮ ಇತ್ತು. ಪೂಜಾರ್ರು ಮೂರ್ತ ಮೀರ್ತದೆ ಅಂತ ಫೋನ್ ಮೇಲ್ ಫೋನ್ ಮಾಡ್ತಿದ್ರು. ಮಷೀನ್ ತೊಳ್ದು ತರ್ಬೇಕಿತ್ತು. ಮೂರು ಸ್ಟಾಪರ್ ತಾನೇ, ಆಮೇಲ್ ಆಕುದ್ರಾಯ್ತು ಅಂದ್ಕಂಡೆ." ಆಮೇಲೆ ದನಿ ಎತ್ತರಿಸಿದ. "ನೀನೂ ತಟ್ಟಿ ನೋಡ್ಬೇಕಿತ್ತು! ಅಬ್ಬದ್ ದಿನ ಅಲ್ಲೇ ಇದ್ಯಲ್ಲ, ಯಾಕ್ ನೋಡ್ಲಿಲ್ಲ?"

ಅವನು ನನ್ನ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನಾನು ಯಾಕೆ ತಟ್ಟಿ ನೋಡಲಿಲ್ಲ ಎಂದು ಪ್ರಪಂಚದಲ್ಲಿ ಯಾರಾದರೂ ಕೇಳಬಹುದು, ಅವನು ಕೇಳಬಾರದು.

ಫ್ಲೆಕ್ಸಿನ ಕಡೆ ಕೈ ತೋರಿಸಿದೆ. "ಆ ಫೋಟೊ ಮೊಬೈಲ್ ಸ್ಟೇಟಸ್ಸಿಗೂ ಹಾಕಿದ್ಯಾ?"

"ಯಾಪಾರ ಅಂದ್ಮೇಲೆ ಆಕ್ಬೇಕಲ್ಲ."

"ಜಾಗದ ಹೆಸರು ಸೇರಿಸಿ?"

ಅವನು ಗೇಟಿನ ಕಡೆ ತಿರುಗಿದ. ಹಾಕಿದ್ದ. ನನಗೆ ಮಾತ್ರ ಕಾಣದ ಹಾಗೆ ಹಾಕಿದ್ದ. ಅದನ್ನು ನೋಡಿಯೇ ಕಳ್ಳರು ಬಂದರೋ, ಮೊದಲೇ ಕಣ್ಣಿಟ್ಟಿದ್ದರೋ, ಅದನ್ನು ನಾನು ಹೇಳಲಾರೆ. ಮಷೀನನ್ನು ಎತ್ತಿಕೊಂಡು ಬರಬೇಕೆಂದು ಕೈ ಮುಂದೆ ಮಾಡಿದವನು ಆ ಬಾಡಿದ ಹೂ ನೋಡಿ ಹಿಂದೆ ತೆಗೆದೆ. ಅವನ ಅಂಗಡಿಯ ಪೂಜೆ ಹತ್ತಿದ ಹತಾರ ನನಗೆ ಬೇಡವಾಯಿತು. ವಾಪಸು ಬರುವ ದಾರಿಯಲ್ಲಿ ಫ್ಲೈಓವರ್ ಕೆಳಗೆ ಗಾಡಿ ನಿಲ್ಲಿಸಿ, ಹೆಲ್ಮೆಟ್ಟಿನೊಳಗೇ ಅತ್ತೆ. ನಾಚಿಕೆ ಇಲ್ಲದೆ ಹೇಳುತ್ತೇನೆ, ನನ್ನಪ್ಪ ತೀರಿಕೊಂಡಾಗಲೂ ನಾನು ಹಾಗೆ ಅತ್ತವನಲ್ಲ.

ಬಾಡಿಗೆ ಮಷೀನು ತೆಗೆದುಕೊಂಡು ಅಲ್ಲಾಳಸಂದ್ರಕ್ಕೆ ಹೋದಾಗ ಕೋಚ್ ಅವರು ಗೇಟಿನಲ್ಲೇ ನಿಂತು ಹೇಳಿದರು. "ನಿಮ್ಮ ಜೋಡಿ ಇದ್ದವ್ರು ಫೋನ್ ಮಾಡಿದ್ರು. ಹಿಂಜಿನ ಕೆಲಸ ನಿಮ್ಮ ಕೈಲೆ ಆಗಿದ್ದು ಅಂದ್ರು. ತಾವು ಬ್ಯಾರೆ ಅಂಗಡಿ ಹಾಕ್ಯಾರಂತ, ಹೊಸಾ ಬಾಗಲಾ ಮಾಡಿಕೊಡ್ತೀವಿ ಅಂದ್ರು."

ಇದೊಂದು ಬಾಕಿ ಇತ್ತು. ಅವತ್ತು 'ನಮ್ಮ ಅಂಗಡಿ' ಎಂದು ನಾನು ಅವನಿಗೆ ಅಡ್ಡ ನಿಂತಿದ್ದೆನಲ್ಲ, ಅದೇ ಮಾತನ್ನು ಹಿಡಿದು ನನ್ನನ್ನು ಕೆಡವಿದ್ದ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ, ಪೂಜೆ, ಮಷೀನು, ಫ್ಲೆಕ್ಸು ಎಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

"ಇರಬಹುದ್ರೀ. ಯಾರ ಕೈ ಅನ್ನೂದು ನನಗ ಬ್ಯಾಡ. ಆನಿ ಬಂದ್ರೂ ಎತ್ತಾಕ ಆಗೂದಿಲ್ಲ ಅಂದಾವ್ರು ನೀವು. ಆ ಹುಡುಗಿ ನಂಬಿದ್ದು ನಿಮ್ಮ ಮಾತು."

"ಬಾಗಲಾ ಮಾಡ್ಲಿಕ್ಕೆ ಬಿಡ್ರಿ," ಎಂದೆ. ಅವರು ಗೇಟು ತೆರೆದರು.

ಈ ಸಲ ನಮ್ಮ ಅಂಗಡಿಯ ಪದ್ಧತಿ ಬಿಟ್ಟೆ. ಕೆಳಗಿನ ಎರಡು ಗೂಟದ ಮೂತಿ ಮೇಲಕ್ಕೆ, ಮೇಲಿನದರದ್ದು ತಲೆಕೆಳಗು. ಎತ್ತಲು ಹೋದರೆ ಮೇಲಿನದು ಒತ್ತಿ ಹಿಡಿಯುತ್ತದೆ. ಸ್ಟಾಪರ್ ಬೇಕಾಗಿಯೇ ಇಲ್ಲ. ಇದರ ತೊಂದರೆ ಒಂದೇ, ಒಮ್ಮೆ ವೆಲ್ಡ್ ಆದಮೇಲೆ ಕತ್ತರಿಸದೆ ಅದು ಹೊರಬರುವುದಿಲ್ಲ, ಓರೆಯಾದರೂ ತಿದ್ದಲಾಗದು. ಆದ್ದರಿಂದಲೇ ಇಷ್ಟು ದಿನ ನಾವು ಹಾಗೆ ಮಾಡುತ್ತಿರಲಿಲ್ಲ. ಈಗ ನನಗೆ ಬೇಕಿದ್ದದ್ದು ಅಂಥದ್ದೇ, ಮಾಡಿದವನೇ ಬಂದರೂ ಬಿಚ್ಚಲಾಗದ ಬಾಗಿಲು.

ಅದನ್ನು ಒಬ್ಬನೇ ಕೂರಿಸಲಾಗುವುದಿಲ್ಲ. ಮೇಲಿನ ಹಿಂಜು ವೆಲ್ಡ್ ಆಗುವವರೆಗೆ ಇನ್ನೊಬ್ಬ ಬಾಗಿಲನ್ನು ಮಟ್ಟಸವಾಗಿ ಹಿಡಿದಿರಬೇಕು. ಯಾವತ್ತೂ ಹಿಡಿಯುತ್ತಿದ್ದವನು ಅವನು. ನನ್ನ ವೆಲ್ಡಿಂಗ್ ಹೆಲ್ಮೆಟ್ಟಿನ ಕರಿ ಗಾಜಿನಿಂದ ಏನೂ ಕಾಣದಿದ್ದರೂ, ಆ ಬದಿಯಿಂದ "ಊಂ, ಒಡಿ" ಎಂಬ ದನಿ ಬಂದರೆ ಕಣ್ಣು ಮುಚ್ಚಿ ರಾಡು ತಾಗಿಸುತ್ತಿದ್ದೆ. ಈಗ ಉಳಿದ ಐದು ಹುಡುಗಿಯರೂ ಕೋಚ್ ಅವರೂ ಬಂದು ಹೆಗಲು ಕೊಟ್ಟರು. ಕಿಡಿಯನ್ನು ನೋಡಬೇಡಿ ಎಂದು ಅವರ ಮುಖ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದೆ. ಆರೂ ಜನ ಅಲ್ಲಾಡದೆ ನಿಂತರು. ಮೊದಲ ವೆಲ್ಡಿನ ಗೆರೆ ಸೊಟ್ಟಾಯಿತು, ಕಿತ್ತು ಮತ್ತೆ ಹಾಕಿದೆ. ಮೂರು ಹಿಂಜಿನ ವೆಲ್ಡೂ ಮುಗಿದ ಮೇಲೆ ಕಿಟ್ಟ ಉದುರಿಸಿ, ಬಣ್ಣ ಬಳಿಯದೆ ಹಾಗೇ ಬಿಟ್ಟು, ಸುತ್ತಿಗೆಯನ್ನು ಕೋಚ್ ಅವರ ಕಡೆ ಚಾಚಿದೆ.

ಅವರಿಗೆ ಅರ್ಥವಾಗಲಿಲ್ಲ.

"ತಟ್ಟಿ ನೋಡ್ರಿ," ಎಂದೆ. "ಟಣ್ ಅನ್ನಬೇಕು."

ಬೇಡ ಎನ್ನುತ್ತಾರೆ ಎಂದು ಒಳಗೊಳಗೇ ಆಸೆ ಇತ್ತು. ಅವರು ಸುತ್ತಿಗೆ ತೆಗೆದುಕೊಂಡು ಮೂರೂ ಹಿಂಜುಗಳನ್ನು ಒಂದೊಂದಾಗಿ, ಅವಸರವಿಲ್ಲದೆ ತಟ್ಟಿದರು. ಮೂರೂ ಟಣ್ ಎಂದವು. ಆಮೇಲೆ ಬಾಗಿಲ ಕೆಳಗೆ ಕೈ ಕೊಟ್ಟು, ಮಂಡಿ ಬಗ್ಗಿಸಿ, ಇದ್ದಬದ್ದ ಬಲ ಹಾಕಿ ಎತ್ತಿ ನೋಡಿದರು. ಅದು ಮಿಸುಕಲಿಲ್ಲ.

"ಆತ್ರೀ," ಎಂದು ಸುತ್ತಿಗೆ ವಾಪಸು ಕೊಟ್ಟರು. ಅಣ್ಣಾರ ಎನ್ನಲಿಲ್ಲ.

ನಾನು ಕೇಬಲ್ ಸುತ್ತುತ್ತಿದ್ದಾಗ ಹುಡುಗಿಯರು ಉಳಿದಿದ್ದ ಮೂರು ಸೈಕಲ್ಲುಗಳನ್ನು ಒಳಗೆ ತಂದು ನಿಲ್ಲಿಸಿದರು. ನೆಲದ ಮೂರು ಕೊಂಡಿ ಖಾಲಿಯಾಗಿಯೇ ಉಳಿದವು. ಇನ್ನು ಮೂರಕ್ಕೆ ಒಂದೊಂದಾಗಿ ಸರಪಳಿ ಹಾಕಿ, ಬೀಗ ಒತ್ತಿ, ಜಗ್ಗಿ ನೋಡಿದರು. ಈ ಸಲ ನಾನು ಬೇಡ ಎನ್ನಲಿಲ್ಲ.